ಮೀನಿನ ತೊಟ್ಟಿಗೆ ಫಿಲ್ಟರ್ ಆರಿಸಿಕೊಟ್ಟ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ದಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂದ ಸಂತಾಪಗಳನ್ನು ಓದಿದವರಿಗೆ, ಹೋದದ್ದು ಮನುಷ್ಯನೋ ಎಲೆಕ್ಟ್ರಿಕ್ ಅಂಗಡಿಯೋ ಎಂಬ ಅನುಮಾನ ಬರಬೇಕು. 'ನಮ್ಮನೆ ಗೀಸರ್ ಅವರೇ ಆರಿಸಿಕೊಟ್ಟಿದ್ದು, ಇವತ್ತಿನವರೆಗೂ ಕೆಟ್ಟಿಲ್ಲ, ಓಂ ಶಾಂತಿ.' 'ನಮ್ಮ ಬೋರ್ ಮೋಟಾರು ಅವರು ಹೇಳಿದ ಕಂಪನಿಯದೇ, ದೇವರಂಥ ಮನುಷ್ಯ.' ಒಬ್ಬರಂತೂ ಯುಪಿಎಸ್ ಬ್ಯಾಟರಿಯ ಫೋಟೋ ತೆಗೆದು ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿದ್ದರು. ನಾನೂ ಬರೆಯಲು ಕೂತೆ. 'ನಮ್ಮನೆ ಮೀನಿನ ತೊಟ್ಟಿಗೆ ಫಿಲ್ಟರ್ ಆರಿಸಿಕೊಟ್ಟವರು' ಎಂದು ಬರೆದು ಅಳಿಸಿದೆ. ಬರೆದದ್ದು ಸುಳ್ಳೇನಲ್ಲ. ಅವರು ನಮಗೆ ಎರಡು ಸಲ ಫಿಲ್ಟರ್ ಆರಿಸಿಕೊಟ್ಟರು. ಮೊದಲನೆಯದರ ಉಪಕಾರ, ಎರಡನೆಯದರ ಸಿಟ್ಟು, ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದು ನನ್ನಿಂದ ಆಗಲಿಲ್ಲ.

ಅವರ ಹೆಸರು ಹೇಳುವುದಿಲ್ಲ. ಅವರ ಹೆಂಡತಿ ನಮ್ಮ ಎದುರು ಮನೆಯಲ್ಲೇ ಇದ್ದಾರೆ, ಬೆಳಿಗ್ಗೆ ರಂಗೋಲಿ ಹಾಕುವಾಗ ನನ್ನನ್ನು ನೋಡಿ ನಗುತ್ತಾರೆ. ಇಡೀ ಬೀದಿಗೆ ಅವರು 'ಮೇಷ್ಟ್ರು', ಅಷ್ಟೇ. ಅರಕಲಗೂಡಿನ ಕಡೆಯಲ್ಲಿ ಹುಡುಗರಿಗೆ ವೈರಿಂಗ್ ಕಲಿಸುತ್ತಿದ್ದು, ನಿವೃತ್ತರಾದ ಮೇಲೆ ಹಾಸನದಲ್ಲಿ ಮನೆ ಕಟ್ಟಿಕೊಂಡು ಬಂದವರು. ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಸ್ಕೇಲು ಇಟ್ಟು ಎಳೆದಷ್ಟು ನೇರ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್. ಯಾರ ಮನೆಗೆ ಹೋದರೂ ಕೂರುವ ಮುಂಚೆ ಗೋಡೆಯ ಸ್ವಿಚ್ ಬೋರ್ಡಿನ ಮೇಲೆ ಒಮ್ಮೆ ಕಣ್ಣಾಡಿಸುತ್ತಿದ್ದರು. ಕೆಲವರು ಹಾಗೆ ಮನೆಯ ಹೆಣ್ಣುಮಕ್ಕಳ ಕತ್ತಿನ ಒಡವೆ ನೋಡುತ್ತಾರೆ, ಇವರು ಬೋರ್ಡು ನೋಡುತ್ತಿದ್ದರು.

ಅವರಿಗೆ ಯಾವ ಸಾಮಾನನ್ನೂ ಎಸೆಯಲು ಮನಸ್ಸಾಗುತ್ತಿರಲಿಲ್ಲ. ಸುಟ್ಟ ಮಿಕ್ಸಿ, ರೆಕ್ಕೆ ಮುರಿದ ಫ್ಯಾನು, ಕೂಗದ ಕುಕ್ಕರಿನ ವಿಷಲ್ಲು, ಎಲ್ಲವೂ ಅವರ ಮನೆಯ ಮೆಟ್ಟಿಲ ಕೆಳಗಿನ ಗೂಡು ಸೇರುತ್ತಿದ್ದವು. "ಎಸ್ಯಾಕೆ ಒಂದ್ಗಳ್ಗೆ ಸಾಕು ಕಣಮ್ಮ. ಬಿಚ್ಚಿ ಸರಿ ಮಾಡಕೆ ತಲೆ ಬೇಕು" ಎನ್ನುತ್ತಿದ್ದರು. ಆ ತಲೆ ತಮಗಿದೆ ಎಂಬ ಸಂತೋಷ ಮುಖದಲ್ಲಿ ಕಾಣುತ್ತಿತ್ತು. ನಮಗೂ ಅದು ಚೆನ್ನಾಗಿಯೇ ಕಾಣುತ್ತಿತ್ತು, ಯಾಕೆಂದರೆ ಕೆಟ್ಟದ್ದೆಲ್ಲ ಸರಿಯಾಗಿ ವಾಪಸು ಬರುತ್ತಿತ್ತು.

ನಮ್ಮ ಮನೆಗೆ ಮೀನು ಬಂದದ್ದು ಮಾವನಿಗಾಗಿ. ನಮ್ಮ ಮಾವ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆಯವರು, ಬೀದಿಯವರ ಬಾಯಲ್ಲಿ 'ಗೌಡ್ರು'. ತೆಂಗು, ರಾಗಿ, ಸ್ವಲ್ಪ ಗದ್ದೆ ಮಾಡಿಸುತ್ತಾ ಊರಲ್ಲೇ ಇದ್ದರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು, ಜೊತೆಗೆ ಮಾತೂ ಹೋಯಿತು. ಎಡಗೈ ಮಾತ್ರ ಚೆನ್ನಾಗಿ ಆಡುತ್ತಿತ್ತು. ಹಾಸನಕ್ಕೆ ಕರೆದುಕೊಂಡು ಬಂದೆವು. ನಾನು ಹೊಳೆನರಸೀಪುರದ ಹೈಸ್ಕೂಲಿಗೆ ಪಾಠ ಮಾಡಲು ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು, ನನ್ನ ಗಂಡನಿಗೂ ಆಫೀಸು. ಹಗಲಲ್ಲಿ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ಟೀವಿ ಹಾಕಿದರೆ ಮಾವ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಜೀವಮಾನವೆಲ್ಲ ಆಳುಗಳ ಮೇಲೆ ಕೂಗಾಡಿಕೊಂಡು ಇದ್ದ ಮನುಷ್ಯ ಹಾಗೆ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದವರು, ನೋಡುವುದಕ್ಕೆ ಏನಾದರೂ ಓಡಾಡುವ ಜೀವ ಇಡಿ ಎಂದರು. ಸಣ್ಣದೊಂದು ಗಾಜಿನ ತೊಟ್ಟಿ, ಆರೇಳು ಗಪ್ಪಿ ಮೀನು ತಂದೆವು. ಅಂಗಡಿಯವನು ತೊಟ್ಟಿಯ ಜೊತೆಗೆ ಒಂದು ಫಿಲ್ಟರನ್ನೂ ಕೊಟ್ಟಿದ್ದ. ನೀರಿನೊಳಗೇ ಮುಳುಗಿಸಿ ಇಡುವಂಥದ್ದು, ಹೊಟ್ಟೆಯಲ್ಲಿ ಪುಟ್ಟ ಮೋಟಾರು. ಹಾಕಿದ ಕೂಡಲೇ ಮೀನುಗಳೆಲ್ಲ ಗಾಳಿಗೆ ಸಿಕ್ಕಿದ ತರಗೆಲೆಯ ಹಾಗೆ ಒಂದು ಮೂಲೆಗೆ ಹೋಗಿ ಬಿದ್ದವು.

ನಮ್ಮ ಗಲಾಟೆ ಕೇಳಿ ಮೇಷ್ಟ್ರು ರಸ್ತೆ ದಾಟಿ ಬಂದರು. ತೊಟ್ಟಿಯನ್ನು ನೋಡಿದವರು ನೆಟ್ಟಗೆ ಅಡುಗೆಮನೆ ಕಡೆ ಮುಖ ಮಾಡಿ, "ಕಾಮಕಸ್ತೂರಿ ಬೀಜ ಐತಾ ಮೇಡಂ? ಒಂದ್ ಚಿಟಿಕೆ ನೆನ್ಸಿ" ಎಂದರು. ಪಾನಕ ಕೇಳುತ್ತಿದ್ದಾರೆ ಅಂದುಕೊಂಡು ನಾನು ಸಕ್ಕರೆಗೂ ಕೈ ಹಾಕಿದ್ದೆ. ಉಬ್ಬಿದ ಬೀಜವನ್ನು ಚಮಚದಲ್ಲಿ ತೆಗೆದು ಫಿಲ್ಟರಿನ ಬಾಯಿಯ ಮುಂದೆ ಬಿಟ್ಟರು. ಸರಕ್ಕನೆ ಒಂದೊಂದಾಗಿ ಒಳಗೆ ಹೋದವು.

"ನೋಡಿದ್ರಾ? ಮೀನ್ಮರಿನೂ ಇಷ್ಟೇ ಗಾತ್ರ. ನಾಳೆ ಮರಿ ಆಕಿದ್ರೆ ಎಲ್ಲಾ ಇದ್ರ ಬಾಯ್ಗೇ ನೈವೇದ್ಯ" ಎಂದು ಪ್ಲಗ್ ಕಿತ್ತರು. ಆಮೇಲೆ ಮಾವನ ಕಡೆ ನೋಡಿ, ದನಿ ತಗ್ಗಿಸಿ, "ಅದೂ ಅಲ್ದೆಯ, ಮನೇಲಿ ಇಂತೋರು ಅವ್ರೆ. ನೀರೊಳಕ್ಕೆ ಕರೆಂಟ್ ಬುಡಬಾರ್ದು ಕಣಮ್ಮ. ಗಾಳಿ ಬುಡ್ಬೇಕು" ಎಂದರು.

ಚನ್ನರಾಯಪಟ್ಟಣದಲ್ಲಿ ಅವರ ಅಳಿಯನದು ಮೀನು, ಹಕ್ಕಿ ಸಾಮಾನಿನ ಅಂಗಡಿ. ಅಲ್ಲಿಂದ ಸ್ಪಂಜಿನ ಫಿಲ್ಟರ್ ತರಿಸಿಕೊಟ್ಟರು. ನೋಡಲು ಏನೂ ಚೆಂದವಿಲ್ಲ. ಒಂದು ಸ್ಪಂಜಿನ ಉಂಡೆ, ಅದಕ್ಕೊಂದು ಸಣ್ಣ ಕೊಳವೆ. ಗಾಳಿ ಊದುವ ಪಂಪು ತೊಟ್ಟಿಯ ಹೊರಗೆ ಇರುತ್ತದೆ. ಕರೆಂಟು ಹೋದಾಗ ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿಯಬಾರದೆಂದು ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಗೆ ಮೊಳೆ ಹೊಡೆದು ಕೂರಿಸಿದರು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋಲು ಬಿಟ್ಟು ಮೇಲಕ್ಕೆ ತಂದರು, ಹನಿ ಜಾರಿದರೆ ನೆಲಕ್ಕೆ ಬೀಳಲಿ, ಪ್ಲಗ್ಗಿಗೆ ಹೋಗದಿರಲಿ ಎಂದು. ತೊಟ್ಟಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಬೇಕು ಎಂದು ನನ್ನಿಂದ ಮೂರು ಸಲ ಹೇಳಿಸಿದರು, ನಾನು ಅವರ ಹುಡುಗರಲ್ಲೊಬ್ಬಳು ಎಂಬಂತೆ. "ಇದ್ಕೆ ಬೇಕಿಲ್ಲ, ಆದ್ರೂ ಅಬ್ಯಾಸ ಆಗ್ಲಿ. ಗೌಡ್ರು ಮಾತ್ರ ಯಾವಾಗ್ ಬೇಕಾದ್ರೂ ಕೈ ಇಡ್ಲಿ ಬುಡಿ, ನೀರೊಳ್ಗೆ ಬರೀ ಗಾಳಿ ಐತೆ."

ಮಾವನ ಎಡಗೈಯನ್ನು ಹಿಡಿದು ಮೊದಲ ಸಲ ನೀರಿಗೆ ಇಳಿಸಿದವರೂ ಅವರೇ. ಮೀನು ಬಂದು ಬೆರಳ ತುದಿ ಚೀಪಿದಾಗ ಮಾವನ ಅರ್ಧ ಮುಖ ನಕ್ಕಿತು. ಇನ್ನರ್ಧಕ್ಕೆ ನಗಲು ಬರುತ್ತಿರಲಿಲ್ಲ. ನನ್ನ ಗಂಡ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಅಂದಿನಿಂದ ನಾನು ಸಂಜೆ ಬಸ್ಸಿಳಿದು ಬರುವ ಹೊತ್ತಿಗೆ ಮಾವ ತೊಟ್ಟಿಯ ಪಕ್ಕ ಮರದ ಕುರ್ಚಿಯಲ್ಲಿ, ಬರಿಗಾಲು ನೆಲಕ್ಕೂರಿ, ಎಡಗೈ ನೀರಲ್ಲಿಟ್ಟು ಕೂತಿರುತ್ತಿದ್ದರು. ಗದ್ದೆಗೆ ಬಿಟ್ಟ ನೀರನ್ನು ಮುಟ್ಟಿ ನೋಡುವ ಹಾಗೆ ಅಂಗೈ ಆಡಿಸುತ್ತಿದ್ದರು. ನನ್ನನ್ನು ಕಂಡರೆ ಮರಿಗಳ ಕಡೆ ಬೆರಳು ತೋರಿಸುತ್ತಿದ್ದರು. ಲಕ್ವದ ಮೇಲೆ ಅವರು ಯಾರಿಗಾದರೂ ಏನನ್ನಾದರೂ ತೋರಿಸಿದ್ದು ಅದೇ ಮೊದಲು.

ಆ ವರ್ಷ ಆಯುಧಪೂಜೆಗೆ ನಾನೊಂದು ಎಡವಟ್ಟು ಮಾಡಿದೆ. ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು ಎಲ್ಲವನ್ನೂ ತೊಳೆದವಳು, ಇದೊಂದು ಯಾಕೆ ಕೊಳಕಾಗಿರಬೇಕೆಂದು ಫಿಲ್ಟರಿನ ಸ್ಪಂಜನ್ನೂ ಸೀಗೆಪುಡಿ ಹಾಕಿ ನಲ್ಲಿಯ ಕೆಳಗೆ ತಿಕ್ಕಿ, ಅರಿಶಿನ ಕುಂಕುಮ ಇಟ್ಟು ತೊಟ್ಟಿಗೆ ಬಿಟ್ಟೆ. ಮಾರನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು, ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು. ಮೇಷ್ಟ್ರು ಓಡಿ ಬಂದು ತಮ್ಮ ಮನೆಯಲ್ಲೂ ಇದ್ದ ಮೀನಿನ ತೊಟ್ಟಿಯ ಸ್ಪಂಜನ್ನೇ ಕಿತ್ತು ತಂದು ನಮ್ಮದಕ್ಕೆ ಹಾಕಿದರು. "ಪೂಜೆ ಮಾಡಿ ಸಾಯ್ಸ್‌ಬುಡ್ತಿದ್ರಲ್ಲ ಮೇಡಂ! ಆ ಕೊಳೇನೇ ಕಣಮ್ಮ ನೀರು ಕಾಯೋದು. ತೊಟ್ಟಿಯಿಂದ ತೆಗ್ದ ನೀರ್ನಾಗೆ ಮೆತ್ತಗೆ ಇಂಡ್ಬೇಕು, ಅಷ್ಟೆಯ" ಎಂದು ನಕ್ಕರು. ಎರಡೇ ಎರಡು ಮೀನು ಸತ್ತವು. ಇದನ್ನೆಲ್ಲ ಬರೆಯುತ್ತಿರುವುದು ಯಾಕೆಂದರೆ, ನಾನು ಅವರನ್ನು ಸುಮ್ಮನೆ ನಂಬಲಿಲ್ಲ. ನಂಬುವಂತೆ ಅವರು ನಡೆದುಕೊಂಡಿದ್ದರು.

ಮರುವರ್ಷ ಶ್ರಾವಣ ಕಳೆದ ಮೇಲೆ ಒಂದು ದಿನ ಹೊಳೆಯುವ ಡಬ್ಬಿ ಹಿಡಿದುಕೊಂಡು ಬಂದರು. ಮೀನು ಜಾಸ್ತಿಯಾಗಿವೆ, ಸ್ಪಂಜು ಸಾಲದು, ನೀರು ಮಬ್ಬು ಕಾಣುತ್ತಿದೆ ಎಂದರು. ಒಳಗಿದ್ದದ್ದು ನೀರಿನಲ್ಲಿ ಮುಳುಗಿಸುವ ಫಿಲ್ಟರ್. ಬಾಯಿಗೆ ಅವರೇ ಸಣ್ಣ ಜಾಲರಿ ಕಟ್ಟಿದ್ದರು, ಮರಿ ಎಳೆಯದ ಹಾಗೆ.

"ನೀರೊಳಕ್ಕೆ ಕರೆಂಟು ಬೇಡ ಅಂದಿದ್ರಿ, ಮೇಷ್ಟ್ರೇ?" ಎಂದೆ.

"ಅದು ಆ ಲಡಾಸು ಮಾಲ್ಗೆ ಹೇಳಿದ್ದು. ಇದು ಬ್ಯಾರೆ. ಅಳಿಯನ ಅಂಗ್ಡಿಗೆ ಒಸ್ದಾಗಿ ಬಂದೈತೆ, ಗೌಡ್ರಿಗೆ ಅಂತ್ಲೇ ತಂದೆ. ನಾನಿಲ್ವಾ? ಸೇಫು."

ನಾನಿಲ್ವಾ ಎಂದ ಮೇಲೆ ಇನ್ನೇನು ಕೇಳುವುದು. ಸ್ಪಂಜಿನ ಫಿಲ್ಟರನ್ನು ತೊಳೆದು ಅಟ್ಟಕ್ಕೆ ಹಾಕಿದೆ. ನೀರು ನಿಜವಾಗಿಯೂ ಗಾಜಿನಂತೆ ತಿಳಿಯಾಯಿತು, ಬೀದಿಯವರನ್ನು ಕರೆದು ತೋರಿಸಿದೆ.

ಸ್ವಲ್ಪ ದಿನಕ್ಕೆ ಮಾವ ತೊಟ್ಟಿಯ ಹತ್ತಿರ ಬರುವುದಿಲ್ಲವೆಂದು ಹಟ ಮಾಡತೊಡಗಿದರು. ಕುರ್ಚಿಯಲ್ಲಿ ಕೂರಿಸಿದರೆ ಎಡಗೈ ಮುಷ್ಟಿ ಕಟ್ಟಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಬನ್ನಿ ಮಾವ, ನೋಡಿ ಮರಿ ಎಂದು ನಾನು ರಮಿಸಿ ಕೈ ಹಿಡಿದರೆ ಗಂಟಲಲ್ಲಿ ಏನೋ ಒಂದು ಸದ್ದು ಮಾಡಿ ಎಳೆದುಕೊಳ್ಳುತ್ತಿದ್ದರು. ಹಗಲು ನೋಡಿಕೊಳ್ಳುವವಳು, ಯಜಮಾನ್ರಿಗೆ ಯಾಕೋ ಮೀನು ಕಂಡರೆ ಆಗುವುದಿಲ್ಲ ಅಂದಳು. ವ್ಯಾಯಾಮದವರು, ಮನಸ್ಸು ಕುಗ್ಗಿದೆ, ಇಂಥವರಿಗೆ ಹೀಗಾಗುತ್ತದೆ ಅಂದರು. ಮತ್ತೆ ಗೋಡೆ ನೋಡುವುದು ಶುರುವಾಯಿತು. ಎರಡನೆಯ ಸಲ ಲಕ್ವ ಬರುವ ಮುನ್ಸೂಚನೆಯೋ ಏನೋ ಎಂದು ನನ್ನ ಗಂಡ ಡಾಕ್ಟರಿಗೂ ತೋರಿಸಿಕೊಂಡು ಬಂದರು.

ಮೇಷ್ಟ್ರನ್ನೂ ಕರೆದು ಕೇಳಿದೆ. ಫಿಲ್ಟರಿನಲ್ಲೇನಾದರೂ ಐಬಿದೆಯೇ, ಒಮ್ಮೆ ನೋಡಿಬಿಡಿ ಎಂದು ನಾನಾಗಿಯೇ ಕೇಳಿದೆ. ಬಂದರು, ಸ್ವಿಚ್ ಆರಿಸಿದರು, ನೀರಿಗೆ ಕೈ ಹಾಕಿ ಫಿಲ್ಟರನ್ನು ಅತ್ತಿತ್ತ ತಿರುಗಿಸಿ ನೋಡಿದರು, ಕೈ ಒರೆಸಿಕೊಂಡು ಸ್ವಿಚ್ ಹಾಕಿದರು. "ಎಲ್ಲಾ ಸರ್ಯಾಗೈತೆ. ಗೌಡ್ರಿಗೆ ಮೀನು ಬೇಜಾರಾಗವೆ, ಅಷ್ಟೆಯ. ವಯಸ್ಸು ಕಣಮ್ಮ" ಎಂದು ಮಾವನ ಭುಜ ತಟ್ಟಿದರು. ಮಾವ ಅವರ ಮುಖವನ್ನೇ ದಿಟ್ಟಿಸುತ್ತಿದ್ದರು. ಫಿಲ್ಟರ್ ಓಡುವಾಗ ಮೇಷ್ಟ್ರು ಒಂದು ಸಲವೂ ನೀರು ಮುಟ್ಟಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವರೇ ಕಲಿಸಿದ ಅಭ್ಯಾಸ, ಅವರೇ ಪಾಲಿಸುತ್ತಿದ್ದಾರೆ ಎಂದು ಮೆಚ್ಚಿಕೊಂಡೆ. ನಾನೂ ಹಾಗೇ ಮಾಡುತ್ತಿದ್ದೆನಲ್ಲ. ನಮ್ಮ ಮನೆಯಲ್ಲಿ ಕರೆಂಟು ಓಡುವಾಗ ನೀರಿಗೆ ಕೈ ಇಡುತ್ತಿದ್ದವರು ಮಾವ ಒಬ್ಬರೇ. ಏನಾಯಿತೆಂದು ಹೇಳಲು ಬಾಯಿಲ್ಲದವರೂ ಅವರೊಬ್ಬರೇ.

ಮತ್ತೆ ಆಯುಧಪೂಜೆ ಬಂತು. ಹಿಂದಿನ ವರ್ಷದ ಬುದ್ಧಿ ನೆನಪಿತ್ತು, ಫಿಲ್ಟರ್ ತೊಳೆಯಲಿಲ್ಲ. ತೊಟ್ಟಿಯ ಗಾಜಿಗೆ ಒಂದು ಕುಂಕುಮದ ಬೊಟ್ಟಿಟ್ಟು ಸೇವಂತಿಗೆ ಮುಡಿಸಿದೆ. ಮಂಗಳಾರತಿ ಆದ ಮೇಲೆ ಮಿಷನ್ನುಗಳನ್ನು ಚಾಲೂ ಮಾಡಿ, ಒಂದೊಂದನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಯ ರೂಢಿ. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು, ಒದ್ದೆ ಕಾಲು. ಸ್ಕೂಟರು ಮುಟ್ಟಿದೆ, ಮಿಕ್ಸಿ ಮುಟ್ಟಿದೆ, ಓಡುತ್ತಿದ್ದ ಫಿಲ್ಟರನ್ನು ಮುಟ್ಟಲು ನೀರಿಗೆ ಕೈ ಇಳಿಸಿದೆ. ಮೊಣಕೈವರೆಗೆ ಯಾರೋ ಹಿಡಿದು ಜಾಡಿಸಿದಂತಾಯಿತು. ಕೈ ಹಿಂದಕ್ಕೆ ಬಂದ ರಭಸಕ್ಕೆ ಆರತಿ ತಟ್ಟೆ ನೆಲಕ್ಕೆ ಬಿತ್ತು.

ತಿರುಗಿ ನೋಡಿದರೆ ಮಾವ. ಮುಷ್ಟಿ ಕಟ್ಟಿದ ಎಡಗೈಯನ್ನು ಎದೆಗೆ ಒತ್ತಿ ಹಿಡಿದು ನನ್ನನ್ನೇ ನೋಡುತ್ತಾ ಗಂಟಲಿನಲ್ಲಿ ಅದೇ ಸದ್ದು ಮಾಡುತ್ತಿದ್ದರು. ಇಷ್ಟು ದಿನ ಅವರು ಹೇಳುತ್ತಿದ್ದದ್ದು ಇದನ್ನೇ. ಪ್ಲಗ್ ಕಿತ್ತು, ಅವರ ಕಾಲ ಹತ್ತಿರ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

ಆಗಲೂ ನನಗೆ ಮೇಷ್ಟ್ರ ಮೇಲೆ ಎಳ್ಳಷ್ಟು ಅನುಮಾನವಿರಲಿಲ್ಲ. ಪಾಪ, ಕಂಪನಿಯವರು ಅವರಿಗೂ ಮೋಸ ಮಾಡಿದರಲ್ಲ, ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾರೋ ಎಂದು ಅವರಿಗೆ ಹೇಳಲೂ ಇಲ್ಲ. ಹಬ್ಬ ಮುಗಿಸಿ ದಂಡಿಗನಹಳ್ಳಿಗೆ ತೋಟ ನೋಡಲು ಹೋದಾಗ ದಾರಿಯಲ್ಲಿ ಚನ್ನರಾಯಪಟ್ಟಣದಲ್ಲಿ ಇಳಿದು, ಅಳಿಯನ ಅಂಗಡಿಯಲ್ಲೇ ಅದನ್ನು ವಾಪಸು ಮಾಡಿ ಬರೋಣ ಎಂದು ಡಬ್ಬಿ ಹಿಡಿದುಕೊಂಡು ಹೋದೆ.

ಅಳಿಯ ಒಳ್ಳೆಯ ಹುಡುಗ. ಫಿಲ್ಟರನ್ನು ತಿರುಗಿಸಿ ನೋಡಿದ. ವೈರು ಒಳಗೆ ಹೋಗುವ ಕಡೆ, ಕಪ್ಪು ಬಣ್ಣ ಬಳಿದ ಅಂಟಿನ ಗಡ್ಡೆಯೊಂದಿತ್ತು. ಅದನ್ನು ಉಗುರಿನಿಂದ ಕೆರೆದ. ಅವನ ಮುಖ ಸಣ್ಣಗಾಯಿತು.

"ಇದು ನಿಮ್ಗೆಲ್ಲಿ ಸಿಕ್ತಕ್ಕಾ?"

"ನಿಮ್ಮ ಮಾವ ತಂದುಕೊಟ್ರು. ಹೊಸದು ಬಂದಿದೆ ಅಂತ."

"ಒಸ್ದಲ್ಲ ಕಣಕ್ಕ. ಕೊಣನೂರಿಂದ ವಾಪಸ್ ಬಂದಿದ್ದು. ಅಲ್ಲೊಬ್ರಿಗೆ ಕರೆಂಟ್ ಸಾಕ್ ಒಡ್ದಿತ್ತು. ಎಸೀಬೇಕು ಅಂತ ಮಡ್ಗಿದ್ದೆ. ಮಾವ ಬಂದೋರು ಬಿಚ್ ನೋಡ್ತೀನಿ ಅಂತ ತಗಂಡೋದ್ರು. ಯಾರ್ಗೂ ಕೊಡ್ಬ್ಯಾಡಿ ಅಂತ ಬಾಯ್ಬುಟ್ಟು ಹೇಳಿದ್ದೆ ಕಣಕ್ಕ" ಎಂದವನು, ಒಂದು ಲೋಟ ನೀರು ತಂದು ನನ್ನ ಮುಂದಿಟ್ಟ. ನನ್ನ ಮುಖವೂ ಹಾಗಾಗಿತ್ತೇನೋ.

ತೋಟಕ್ಕೆ ಹೋಗಲಿಲ್ಲ. ಅಲ್ಲಿಂದಲೇ ಹಾಸನದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತು ಅವರ ಪರವಾಗಿ ಎಷ್ಟು ವಾದ ಮಾಡಿದೆ ನನಗೇ ಗೊತ್ತು. ಅಳಿಯ ಹೇಳಿದ್ದು ಕೇಳಿಸಿರಲಿಕ್ಕಿಲ್ಲ. ಬೇರೆ ಫಿಲ್ಟರ್ ಜೊತೆ ಅದಲು ಬದಲಾಗಿರಬೇಕು. ಬೇಲಿಯೇ ಎದ್ದು ಹೊಲ ಮೇಯುವುದುಂಟೇ? ಮೇಷ್ಟ್ರು 'ಅಯ್ಯೋ ಗೊತ್ತಿರಲಿಲ್ಲ' ಎಂದರೆ ಸಾಕು, ಅಲ್ಲಿಗೆ ಬಿಟ್ಟುಬಿಡೋಣ ಎಂದು ಗಟ್ಟಿ ಮಾಡಿಕೊಂಡು ಅವರ ಗೇಟು ತೆಗೆದೆ.

ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಪಕ್ಕದಲ್ಲಿ ಅವರ ಸ್ವಂತ ತೊಟ್ಟಿ. ಅದರೊಳಗೆ ಸ್ಪಂಜಿನ ಫಿಲ್ಟರು ಗುಳುಗುಳು ಎಂದು ಗಾಳಿ ಬಿಡುತ್ತಿತ್ತು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂಬ ಮಾತನ್ನು ಮಕ್ಕಳಿಗೆ ಎಷ್ಟು ಸಲ ವಿವರಿಸಿದ್ದೆನೋ, ಅದರ ಅರ್ಥ ಅವತ್ತು ಕಣ್ಣಿಗೆ ಕಂಡಿತು. ಡಬ್ಬಿಯನ್ನು ಅವರ ಮುಂದಿಟ್ಟೆ. ಅಳಿಯ ಹೇಳಿದ್ದನ್ನು ಹೇಳಿದೆ, ಮಾವನ ಕೈಯ ವಿಷಯ ಹೇಳಿದೆ.

ಬಹಳ ಹೊತ್ತು ಪೇಪರು ಮಡಿಸಿದರು. ಆಮೇಲೆ ಕೇಳಿದರು: "ಬೀದೀಲಿ ಯಾರ್ಗಾದ್ರೂ ಹೇಳಿದ್ರಾ ಮೇಡಂ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರಿಗೆ ಉಸಿರು ಬಂದಂತಾಯಿತು. "ನಾನು ಸೀಲ್ ಮಾಡಿದ್ದೆ. ಟೆಸ್ಟರ್ ಇಟ್ಟೂ ನೋಡಿದ್ದೆ, ಅವತ್ತು ಏನೂ ಬರ್ಲಿಲ್ಲ. ಆಮ್ಯಾಕೆ ಎಲ್ಲೋ ಬಿಟ್ಕಂಡೈತೆ. ಚೂರು ಜುಮ್ ಅಂದಿರ್ತದೆ, ಅಷ್ಟೆಯ."

"ನಿಮ್ಮ ತೊಟ್ಟಿಗೇ ಹಾಕಿಕೊಂಡು ನೋಡಬಹುದಿತ್ತಲ್ಲ, ಮೇಷ್ಟ್ರೇ?"

"ನಮ್ಮನೇಲಿ ಮೊಮ್ಮಕ್ಕಳು ಬತ್ತವೆ ಓಯ್ತವೆ, ಕೈ ಆಕ್ತವೆ..." ಎಂದು ಶುರು ಮಾಡಿದವರು ತಡೆದರು. ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದರು: "ಗೌಡ್ರಿಗೆ ಎಂಗಿದ್ರೂ ಸ್ಪರ್ಸ ಇಲ್ವಲ್ಲ ಅಂತ ಅಂದ್ಕಂಡೆ ಕಣಮ್ಮ."

ಆ ಕೈಯನ್ನು ಮೊದಲ ದಿನ ನೀರಿಗೆ ಇಳಿಸಿದವರು ಇವರು. ಮೀನು ಚೀಪಿದ್ದಕ್ಕೆ ಮಾವ ನಕ್ಕದ್ದನ್ನು ಪಕ್ಕದಲ್ಲೇ ನಿಂತು ಕಂಡವರು. ಅವರಿಗೆ ತಿಳಿಯದ್ದೇನೂ ಅಲ್ಲ. ತಾವು ಸರಿಮಾಡಿದ ಕೆಟ್ಟ ಸಾಮಾನನ್ನು ಎಲ್ಲಾದರೂ ಓಡಿಸಿ ನೋಡಬೇಕಿತ್ತು. ಯಾವ ಮನೆಯಿಂದ ದೂರು ಬರುವುದಿಲ್ಲವೋ ಆ ಮನೆ ಆರಿಸಿದರು. ಡಬ್ಬಿಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಮನೆಗೆ ಬಂದೆ.

ಬೀದಿಗೆ ಹೇಳಲಿಲ್ಲ. ಹೇಳಬಹುದಿತ್ತು ಎಂದು ನನ್ನ ಗಂಡ ಈಗಲೂ ಅನ್ನುತ್ತಾರೆ. ಅವರ ಹೆಂಡತಿಯ ಮುಖ ನೋಡಿ ಬಾಯಿ ಬರಲಿಲ್ಲ. ಅಳಿಯ ಮಾತ್ರ ಅವರಿಗೆ ಅಂಗಡಿಯಿಂದ ಏನನ್ನೂ ಕೊಡುವುದನ್ನು ನಿಲ್ಲಿಸಿದನಂತೆ. ಕರೆಂಟು ಸೋರಿದರೆ ತಾನಾಗಿಯೇ ಕಡಿದುಕೊಳ್ಳುವ ಸ್ವಿಚ್ಚನ್ನು ಬೇರೆಯವರನ್ನು ಕರೆಸಿ ಹಾಕಿಸಿದೆವು. ಮೇಷ್ಟ್ರು ಎಂದಿನಂತೆ ಎಲ್ಲರ ಗೀಸರು, ಫ್ಯಾನು ಆರಿಸಿಕೊಡುತ್ತಲೇ ಇದ್ದರು. ನನ್ನನ್ನು ಕಂಡರೆ ಚಪ್ಪಲಿಯಲ್ಲಿ ಕಲ್ಲು ಸೇರಿದವರಂತೆ ಬಗ್ಗಿಬಿಡುತ್ತಿದ್ದರು. ಅಟ್ಟದಿಂದ ಸ್ಪಂಜಿನ ಫಿಲ್ಟರ್ ಇಳಿಸಿ ಹಾಕಿದೆ. ಮೀನು ಈಗಲೂ ಇವೆ, ಮರಿ ಹಾಕುತ್ತವೆ. ಮಾವ ದೂರದಿಂದ ನೋಡುತ್ತಾರೆ.

ಮೇಷ್ಟ್ರ ದೇಹವನ್ನು ಅಂಗಳದಲ್ಲಿ ಕೂರಿಸಿದ್ದ ದಿನ ಮಾವ ಕಿಟಕಿಯ ಕಡೆ ಕೈ ತೋರಿಸಿ ಸದ್ದು ಮಾಡಿದರು. ಗಾಲಿಕುರ್ಚಿಯಲ್ಲಿ ಕೂರಿಸಿ ಕರೆದುಕೊಂಡು ಹೋದೆವು. ಜನ ಜಾಗ ಬಿಟ್ಟರು. ಯಾರೋ ಅವರ ಎಡಗೈಗೆ ಒಂದಷ್ಟು ಬಿಡಿ ಹೂ ಕೊಟ್ಟರು. ಮಾವ ಮೇಷ್ಟ್ರ ಮುಖವನ್ನು ನೋಡುತ್ತಾ ಕೂತರು, ಹೂ ಹಾಕಲಿಲ್ಲ. "ಹಾಕಿ ಗೌಡ್ರೇ" ಎಂದರು ಒಬ್ಬರು. ಮಾವ ಮುಷ್ಟಿ ಬಿಗಿ ಮಾಡಿದರು. ಹಿಂದಿನಿಂದ ಒಂದು ಹೆಣ್ಣು ದನಿ, "ಪಾಪ, ಅವ್ರಿಗೇನೂ ತಿಳ್ಯಾಕಿಲ್ಲ ಕಣ್ರವ್ವ" ಎಂದಿತು. ನಾನು ನನ್ನ ಕೈಯಲ್ಲಿದ್ದ ಹೂವನ್ನು ಹಾಕಿ, ಮಾವನನ್ನು ಕರೆದುಕೊಂಡು ಬಂದೆ.

ಸಾವಿನ ಮನೆಗೆ ಹೋಗಿ ಬಂದ ಮೇಲೆ ಕೈಕಾಲು ತೊಳೆಯಬೇಕಲ್ಲ. ಹಿತ್ತಲ ನಲ್ಲಿಯ ಹತ್ತಿರ ಕುರ್ಚಿ ನಿಲ್ಲಿಸಿ, ಅವರ ಬೆರಳನ್ನು ಒಂದೊಂದಾಗಿ ಬಿಡಿಸಿದೆ. ಹೂ ಅಂಗೈಗೆ ಅಂಟಿಕೊಂಡಿತ್ತು. ಕೈಯನ್ನು ಕೆಳಗೆ ಹಿಡಿದು ನಲ್ಲಿ ತಿರುಗಿಸಲು ಹೋದಾಗ ಮಾವ ಕೈ ಹಿಂದಕ್ಕೆಳೆದುಕೊಂಡು ನನ್ನ ಮುಖ ನೋಡಿದರು. ನಾನು ನಲ್ಲಿ ಬಿಟ್ಟು, ಮೊದಲು ನನ್ನ ಕೈ ಒಡ್ಡಿದೆ. ನೀರು ನನ್ನ ಕೈ ಮೇಲೆ ಸುರಿಯುವುದನ್ನು ಅವರು ತುಂಬ ಹೊತ್ತು ನೋಡಿದರು. ನಲ್ಲಿಯ ನೀರಿನಲ್ಲಿ ಕರೆಂಟಿಲ್ಲ ಮಾವ ಎಂದು ಎಷ್ಟು ಹೇಳಿದರೂ ಕೈ ಚಾಚಲಿಲ್ಲ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ.